ಫ್ಲೆಕ್ಸಿನಲ್ಲಿ ಅಣ್ಣನ ಜಾಗ

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ನಮ್ಮದೊಂದು ಫ್ಲೆಕ್ಸ್ ಅಂಗಡಿ. ನಮ್ಮದು ಅಂದರೆ ನನ್ನದು ಮತ್ತು ನನ್ನ ಜೊತೆ ಬಾಳುತ್ತಿರುವ ಗೆಳತಿಯದು. ಊರವರ ಬಾಯಲ್ಲಿ ನಾವು ಪಾಲುದಾರರು. ಮನೆಯಲ್ಲಿ ಯಾವ ಗಂಡ ಹೆಂಡತಿಗೂ ಕಡಿಮೆಯಿಲ್ಲದಂತೆ ಜಗಳಾಡುತ್ತೇವೆ, ಅವರಿಗಿಂತ ಹೆಚ್ಚೇ ನಗುತ್ತೇವೆ. ನಾನು ಇತಿಹಾಸದಲ್ಲಿ ಬಿ.ಎ. ಮಾಡಿದವಳು. ಮಷಿನ್ ಓಡುತ್ತಿರುವಾಗ ಇಬ್ಬರೂ ಮೊಬೈಲಿನಲ್ಲಿ ಹಿಂದಿನ ಕಾಲದ ಹೆಂಗಸರ ಕಥೆ ಓದುತ್ತಿದ್ದೆವು. ಹೆಣ್ಣನ್ನೇ ಪ್ರೀತಿಸಿ ಬಾಳಿದ ಚಿತ್ರಗಾರ್ತಿಯರು, ಗಂಡೆಂದು ಬೆಳೆಸಿದರೂ ಹೆಣ್ಣಾಗಿಯೇ ಬದುಕಿದ ಗಟ್ಟಿಗಿತ್ತಿಯರು. ನನ್ನ ಮೂರು ವರ್ಷದ ಪಠ್ಯದಲ್ಲಿ ಇವರಲ್ಲಿ ಒಬ್ಬಳೂ ಇರಲಿಲ್ಲವಲ್ಲ ಎಂದು ನನಗೆ ಈಗಲೂ ಸಿಟ್ಟು.

"ಎಲ್ಲಾರೂ ದೂರದ ದೇಶದಾವ್ರ ಅದಾರಲ್ಲಲೇ, ನಮ್ಮ ಕಡಿಯಾಕಿ ಒಬ್ಬಾಕಿನೂ ಇಲ್ಲೇನು?" ಎಂದು ಗೆಳತಿ ಕೇಳುತ್ತಿದ್ದಳು.

ಕಳೆದ ವರ್ಷ ಆ ಒಬ್ಬಾಕಿ ತಾನೇ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಅವಳು ನಮ್ಮ ಓಣಿಯ ಜೋಗತಿ ಅಕ್ಕ. ಗಂಡುಮಗನೆಂದು ಮನೆಯವರು ಬೆಳೆಸಿದ್ದರು. ಹದಿನಾರಕ್ಕೆ ಸೀರೆಯುಟ್ಟು ಹುಟ್ಟೂರು ಹೊಸಹಳ್ಳಿ ಬಿಟ್ಟು ಬಂದಿದ್ದಳು. ಅವಳು ಚೌಡಿಕೆಯ ತಂತಿ ಮೀಟಿ ಹಾಡಲು ಕೂತರೆ ಹಡಗಲಿಯಿಂದ ಹರಪನಹಳ್ಳಿವರೆಗೆ ಯಾವ ಊರಿನಲ್ಲೂ ಜನ ಎದ್ದು ಹೋಗುವುದಿಲ್ಲ. ಅವಳಿಗೆ ಜಿಲ್ಲೆಯ ಪ್ರಶಸ್ತಿ ಬಂದಿತ್ತು. ಓಣಿಯವರೆಲ್ಲ ಸೇರಿ ಅಭಿನಂದನೆಯ ಫ್ಲೆಕ್ಸ್ ಮಾಡಲು ಹೇಳಿದ್ದರು.

ನಮ್ಮ ಕಡೆಯ ಫ್ಲೆಕ್ಸಿನ ರಿವಾಜು ಗೊತ್ತಲ್ಲ. ನಡುವೆ ದೊಡ್ಡ ಫೋಟೋ, ಕೆಳಗೆ 'ಶುಭ ಕೋರುವವರು' ಎಂಬ ಸಾಲಿನಲ್ಲಿ ದುಂಡನೆಯ ಚೌಕಟ್ಟುಗಳೊಳಗೆ ತಲೆಗಳು. ಒಂದು ತಲೆ ಬಿಟ್ಟುಹೋದರೆ ಮಾತು ಬಿಡುತ್ತಾರೆ, ಕೇಳದೆ ಹಾಕಿದರೆ ಅಂಗಡಿ ಮುಂದೆ ಬಂದು ಕೂಗಾಡುತ್ತಾರೆ. ಅಕ್ಕ ಒಂದೊಂದೇ ತಲೆಯನ್ನು ನೋಡಿ ಒಪ್ಪಿದಳು. ನಮ್ಮಿಬ್ಬರದು ಬಂದಾಗ, "ಬ್ಯಾರೆ ಬ್ಯಾರೆ ಯಾಕ್ರಲೇ? ಒಂದ್ರಾಗ ಜೋಡಿ ಇರ್ರಿ" ಎಂದು ಒಂದೇ ಚೌಕಟ್ಟಿನಲ್ಲಿ ಕೂರಿಸಿದಳು. ನನ್ನ ಗೆಳತಿ ನಾಚಿದ್ದನ್ನು ಅವತ್ತೇ ಮೊದಲು ನೋಡಿದ್ದು. ನನಗಂತೂ ಹಿಗ್ಗೋ ಹಿಗ್ಗು.

ಆಮೇಲೆ ಅಕ್ಕ ಮೆಲ್ಲಗೆ ಕೇಳಿದಳು, "ನಮ್ಮಣ್ಣನ ಫೋಟೋ ಸಿಗತೈತೇನವಾ?"

ಅಣ್ಣ ಹೊಸಹಳ್ಳಿಯಲ್ಲೇ ಇದ್ದ. ಅವಳು ಮನೆ ಬಿಟ್ಟಂದಿನಿಂದ ಆತ ಒಂದು ದಿನ ಬೈದೂ ಇರಲಿಲ್ಲ, ಬಂದೂ ಇರಲಿಲ್ಲ. ಅಕ್ಕನಿಗೆ ಪ್ರಶಸ್ತಿಗಿಂತ ಅವನೇ ಬೇಕಾಗಿದ್ದ. ಅವಳು ಕೊಟ್ಟ ನಂಬರಿಗೆ ನಾನು ಫೋನ್ ಮಾಡಿ, "ಅಣ್ಣಾರ, ಕೊಟ್ಟೂರಿನ ಫ್ಲೆಕ್ಸ್ ಅಂಗಡಿಯಿಂದ ಮಾತಾಡಾಕತ್ತೀನಿ. ನಾಳೆ ಮುಂಜಾನಿ ಕಟ್ಟಬೇಕ್ರಿ, ನಿಮ್ಮದೊಂದು ಫೋಟೋ ಬೇಕಾಗಿತ್ತು" ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಆ ಕಡೆಯಿಂದ ಫೋನ್ ಕಟ್ಟಾಯಿತು.

"ಹೋಗ್ಲಿ ಬಿಡವಾ. ಒಂದು ತಲಿ ಜಾಗ ಖಾಲಿ ಬಿಡು" ಎಂದಳು ಅಕ್ಕ.

ಆ ಸಾಲು, ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಹಾಗೇ ಬಿಟ್ಟೆ.

ಮಧ್ಯಾಹ್ನ ಇನ್ನೇನು ಪ್ರಿಂಟ್ ಕೊಡಬೇಕು, ಐವತ್ತರ ಆಸುಪಾಸಿನ ಒಬ್ಬಾತ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತ. ಅಕ್ಕ ಕುಡಿಯುತ್ತಿದ್ದ ಚಹಾ ಕೆಳಗಿಟ್ಟಳು. ಇಬ್ಬರ ಮೂಗೂ ಒಂದೇ ತರಹ; ಯಾರೆಂದು ನಾನು ಕೇಳಬೇಕಾಗಲಿಲ್ಲ. ಆತ ಅವಳ ಕಡೆ ತಿರುಗದೆ, ಜೇಬಿನಿಂದ ಒಂದು ಪಾಸ್‌ಪೋರ್ಟ್ ಫೋಟೋ ತೆಗೆದು ನನ್ನ ಮುಂದಿಟ್ಟ. ಹಿಂದೆ ಅಂಟು ಒಣಗಿತ್ತು. ಯಾವುದೋ ಅರ್ಜಿಯಿಂದ ಕಿತ್ತು ತಂದಿದ್ದನೇನೋ. ನಾನು ಅದನ್ನು ಸ್ಕ್ಯಾನ್ ಮಾಡಿ, ಖಾಲಿ ಜಾಗದಲ್ಲಿ ಕೂರಿಸಿ, ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದೆ.

ಆತ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದ. "ಅಲ್ಲಿಂದ ತಗಿ ನನ್ನ."

ನನಗೆ ಸಿಟ್ಟು ನೆತ್ತಿಗೇರಿತು. "ಯಾಕ್ರಿ? ಆಕಿ ಜೋಡಿ ನಿಮ್ಮ ತಲಿ ಇದ್ರ ಮರ್ಯಾದಿ ಹೋಗತೈತೇನ್ರಿ?" ಎಂದುಬಿಟ್ಟೆ. ಗೆಳತಿ ಹಿಂದಿನಿಂದ ನನ್ನ ಜಡೆ ಜಗ್ಗಿದಳು.

"ಶುಭ ಕೋರಾಕ ನಾನೇನು ಓಣಿಯಾವನೇನವಾ?" ಎಂದ ಆತ. "ಮನಿಯಾವ್ರನ್ನ ಯಾರರ ಆ ಸಾಲಿನ್ಯಾಗ ಹಾಕ್ತಾರೇನು? ಮ್ಯಾಲೆ ಹಾಕು, ಆಕಿ ಬಾಜೂಕ. ತೆಳಗ ಬರಿ, ನಮ್ಮ ಮನಿ ಮಗಳು ಅಂತ."

ಊರಿಗೆಲ್ಲ ಹೆಸರು ಟೈಪ್ ಹೊಡೆದುಕೊಡುವ ನನ್ನ ಬೆರಳುಗಳು ಆ ಮೂರು ಪದಕ್ಕೆ ಎರಡು ಸಲ ತಪ್ಪಿದವು. ಗೆಳತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಅಕ್ಕ ಎದ್ದು ಬಂದಳು. ಅಣ್ಣ ಇನ್ನೂ ಅವಳ ಮುಖ ನೋಡಿರಲಿಲ್ಲ, ಆದರೆ ಅವಳಿಗೆ ಕಾಣಲೆಂದು ಪಕ್ಕಕ್ಕೆ ಸರಿದು ನಿಂತ.

"ಅಕ್ಷರ ದೊಡ್ಡವು ಮಾಡವಾ" ಎಂದಳು ಅಕ್ಕ. ಮಾಡಿದೆ. "ಇನ್ನೂ ದೊಡ್ಡವು."

"ಅಕ್ಕಾ, ಪ್ರಶಸ್ತಿ ಹೆಸರು ಬರ್ಯಾಕ ಜಾಗ ಉಳಿಯಂಗಿಲ್ಲ."

"ಅದನ್ನ ತಗದುಬಿಡವಾ" ಎಂದಳು.