ಖತೀಜಾಬಿಯ ಬೀದಿ

ಕುಣಿಗಲ್ಲಿನ ಕೆರೆ ಕಡೆಯ ಬೀದಿಯೊಂದರಲ್ಲಿ ಖತೀಜಾಬಿ ಬಾಡಿಗೆಗಿದ್ದಳು. ಹಸುಗೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ಅವಳ ಕೆಲಸ. ಆ ಬೀದಿಯಲ್ಲಿ ಹುಟ್ಟಿದ ಮಕ್ಕಳೆಲ್ಲ, ಯಾವ ಜಾತಿಯವರೇ ಆಗಲಿ, ಅವಳ ಕಾಲ ಮೇಲೆ ಮಲಗಿ ಮಿಂದವರೇ. ಗಂಡ ತೀರಿಹೋದಾಗ ತುಮಕೂರಿನಿಂದ ತಮ್ಮ ಗೌಸ್ ಕರೆದೊಯ್ಯಲು ಬಂದ. ಖತೀಜಾಬಿ ಹೋಗಲಿಲ್ಲ. "ಈ ಬೀದಿ ಮಕ್ಳೆಲ್ಲಾ ನನ್ನೋವೇ. ಇವ್ರನ್ನ ಬುಟ್ಟು ಎಲ್ಲಿಗೋಗ್ಲಿ?" ಎಂದು ಎದುರುಮನೆಯ ಪುಟ್ಟಗೌರಮ್ಮನ ಹತ್ತಿರ ಹೇಳಿಕೊಂಡಳು.

ಎರಡು ಸಾವಿರದ ಎರಡರಲ್ಲಿ ಅವಳಿಗೆ ಕ್ಷಯ ತಗುಲಿತು. ಸುದ್ದಿ ಹಬ್ಬಿದ ಮೇಲೆ ಬೀದಿಯ ನಲ್ಲಿ ಹತ್ತಿರ ನೆರೆಯವರು ಅವಳ ಕೊಡವನ್ನು ಒದ್ದು ಉರುಳಿಸಿದರು. ಮನೆಯ ಮಾಲೀಕ ಪಾತ್ರೆಗಳನ್ನು ಹೊರಗೆಸೆದು ಬೀಗ ಜಡಿದ. ಅವಳು ತಮ್ಮನ ಮನೆ ಸೇರಿ ತಿಂಗಳುಗಟ್ಟಲೆ ಮಾತ್ರೆ ನುಂಗಿದಳು. ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರು ಹೇಳಿದ ದಿನವೇ ಕುಣಿಗಲ್ ಬಸ್ ಹತ್ತಿದಳು.

ಪುಟ್ಟಗೌರಮ್ಮನ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸು ಅಳುವುದು ಕೇಳಿದ ಖತೀಜಾಬಿ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು.

"ಅಲ್ಲೇ ನಿಂತ್ಕೊ, ಖತೀಜಮ್ಮ."

"ವಾಸಿ ಆಯ್ತು ಗೌರಮ್ಮ. ಡಾಕ್ಟ್ರೇ ಹೇಳವ್ರೆ."

"ಒಳ್ಳೇದಾಯ್ತು ಬುಡು. ಇನ್ನು ತಮ್ಮನ್ ಮನೇಲೇ ಇರು."

ಮಗಳು ಕೂಸನ್ನೆತ್ತಿಕೊಂಡು ಒಳಗೆ ಸರಿದಳು. ಖತೀಜಾಬಿ ಇನ್ನೂ ನಿಂತಿರುವಾಗಲೇ ಪುಟ್ಟಗೌರಮ್ಮ ಮೆಟ್ಟಿಲಿಗೆ ಫಿನಾಯಿಲ್ ನೀರು ಸುರಿದಳು. ಅದು ಪಾದಕ್ಕೆ ತಾಗಿದಾಗ ಖತೀಜಾಬಿ ಕೆಳಗಿಳಿದಳು.

ಆಮೇಲೆ ತುಮಕೂರಿನಲ್ಲಿ ಯಾರಾದರೂ "ಯಾವೂರಮ್ಮ?" ಎಂದು ಕೇಳಿದರೆ, "ಇಲ್ಲೇ" ಅನ್ನುತ್ತಿದ್ದಳು.