ಸದಾಶಿವರಾಯರನ್ನು ಒಳಗೆ ಬಿಡದ ಸ್ವಿಚ್ಚು

ಜಮಖಂಡಿಯ ಆ ಸಹಕಾರಿ ಬ್ಯಾಂಕಿನಲ್ಲಿ ಅಧ್ಯಕ್ಷರು ರಜೆ ಹಾಕಬಹುದಿತ್ತು, ಮ್ಯಾನೇಜರರು ಹಾಕಬಹುದಿತ್ತು. ಕಂಪ್ಯೂಟರ್ ವಿಭಾಗದ ಸದಾಶಿವರಾಯರು ಮಾತ್ರ ಹಾಕುವಂತಿರಲಿಲ್ಲ. ಹಾಗೆಂದು ಯಾರೂ ಆಜ್ಞೆ ಮಾಡಿರಲಿಲ್ಲ, ಅವರೇ ಮಾಡಿಕೊಂಡದ್ದು. ಶಾಖೆಗಳ ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ಚುಗಳಿಗೆಲ್ಲ ಒಂದೇ ಪಾಸ್‌ವರ್ಡ್; ಅದು ಅವರ ತಲೆಯಲ್ಲಿ. ಬೀಳಗಿಯಲ್ಲಿ ಯಾರೋ ಕಸ ಹೊಡೆಯುವಾಗ ವಾಯರು ಕಿತ್ತು ಬೇರೆ ಕಿಂಡಿಗೆ ಚುಚ್ಚಿದರೆ ಕೌಂಟರು ನಿಂತೇಬಿಡುತ್ತಿತ್ತು. ರಾಯರೇ ಹೋಗಿ, ಎಲ್ಲರನ್ನೂ ಅತ್ತ ಮುಖಮಾಡಿಸಿ ನಿಲ್ಲಿಸಿ, ಪಾಸ್‌ವರ್ಡ್ ಒತ್ತಬೇಕು.

ಹೆಂಡತಿ ತುಳಸಾಬಾಯಿಯ ಕಣ್ಣಿನ ಪೊರೆ ತೆಗೆಸಲು ಮಿರಜಿಗೆ ಹೊರಟಾಗಲೂ ಬಸ್ಸು ರಬಕವಿ ಮುಟ್ಟುವಷ್ಟರಲ್ಲಿ ಮುಧೋಳ ಶಾಖೆಯ ಫೋನು. ರಾಯರು ಇಳಿದರು, ಹೆಂಡತಿಯೂ ಇಳಿದರು. ಮುಂದೊಂದು ದಿನ ತುಳಸಾಬಾಯಿ ಚಹಾವನ್ನು ಕಪ್ಪಿನ ಪಕ್ಕಕ್ಕೆ ಸುರಿದರು.

ಮರುದಿನವೇ ಮಿರಜಿಗೆ ಹೊರಡುವುದೆಂದು ನಿಶ್ಚಯಿಸಿ ಅಂದೇ ರಾಯರು ಕೆಲಸಕ್ಕೆ ಕುಳಿತರು. ಪ್ರಧಾನ ಕಚೇರಿಯ ಸರ್ವರಿನಲ್ಲಿ ಶಾಖೆಗೊಬ್ಬರಂತೆ ಹೆಸರು ಸೇರಿಸಿ, ಇನ್ನು ಹಳೆಯ ಪಾಸ್‌ವರ್ಡ್ ಬಿಟ್ಟು, ಬಂದವರು ಯಾರೆಂದು ಆ ಸರ್ವರನ್ನೇ ಕೇಳಬೇಕೆಂದು ಸ್ವಿಚ್ಚುಗಳಿಗೆ ಹೇಳಿಕೊಟ್ಟರು. ಆ ಸರ್ವರು ಎಲ್ಲಿದೆಯೆಂದು ಹುಡುಕಿಕೊಳ್ಳುವುದನ್ನೂ ಅವಕ್ಕೆ ಕಲಿಸಿದರು. ಮೊದಲ ಪ್ರವೇಶ ತಮ್ಮದೇ ಎಂದು ಕಾಲರು ಸರಿಪಡಿಸಿಕೊಂಡು ಹೆಸರು ಒತ್ತಿದರು. ಸ್ವಿಚ್ಚು ಬಿಡಲಿಲ್ಲ. ಇನ್ನೊಮ್ಮೆ. ಊಹೂಂ.

“ಆತು, ನಾಳಿ ಮಿರಜ ಮತ್ತ ಮುಂದಕ್ಕ ಹೋತು.”

“ಜರಾ ಸರೀರಿ ಸರ,” ಎಂದು ಗುಮಾಸ್ತೆ ವೈಶಾಲಿ ತನ್ನ ಹೆಸರು ಒತ್ತಿದಳು. ತೆರೆಯಿತು. ಮುಧೋಳಕ್ಕೆ ಫೋನು ಹಚ್ಚಿದರೆ ಅಲ್ಲಿನ ಗುಮಾಸ್ತ ಭೀಮಶಿಗೂ ತೆರೆದಿತ್ತು.

“ಸರ, ಎಲ್ಲಾರ ಹೆಸರೂ ಹಾಕೀರಿ, ನಿಮ್ದ ಇಲ್ಲಲ್ರಿ!” ಎಂದಳು ವೈಶಾಲಿ, ಸರ್ವರಿನ ಪಟ್ಟಿ ನೋಡಿ.

“ನನ್ನ ಹೆಸರು ಅದಕ್ಕ ಬ್ಯಾರೆ ಹೇಳಬೇಕೇನ? ಇಷ್ಟ ವರ್ಷ ಅದರ ಚಾಕರಿ ಮಾಡೇನಿ!”

“ಅದಕ್ಕ ನಿಮ್ಮ ಗುರ್ತ ಹತ್ತವಲ್ದ್ರಿ. ಈಗ ಹಾಕ್ಕೊಂಬಿಡ್ರಿ, ಒಂದ ನಿಮಿಷದ ಕೆಲಸ.”

ರಾಯರು ಕೀಲಿಮಣೆಯ ಮೇಲೆ ಬೆರಳಿಟ್ಟರು. ಪಕ್ಕದಲ್ಲಿದ್ದ ಮೊಬೈಲನ್ನೊಮ್ಮೆ ನೋಡಿದರು. ಬೆರಳು ತೆಗೆದರು.

“ಇರ್ಲಿ ಬಿಡವಾ. ಮಿರಜದಿಂದ ಬಂದ ಮ್ಯಾಲೆ ನೋಡೂಣು.”

ಮರುದಿನ ಬಸ್ಸು ರಬಕವಿ ದಾಟಿದರೂ ತುಳಸಾಬಾಯಿ ಚೀಲವನ್ನು ತೊಡೆಯ ಮೇಲೇ ಹಿಡಿದಿದ್ದರು, ಯಾವಾಗ ಇಳಿಯೆಂದರೂ ಇಳಿಯುವವರ ಹಾಗೆ.

“ಅದನ್ನ ಮ್ಯಾಲ ಇಡ್ತೇನಿ ಕೊಡು,” ಎಂದರು ರಾಯರು.

“ಫೋನ್ ಬಂದ್ರ?”

“ಬಂದ್ರೇನ ಮಾಡ್ಲಿ? ಆ ಸ್ವಿಚ್ಚು ನನ್ನ ಒಳಗ ಬಿಡೂದಿಲ್ಲ,” ಎಂದು ಬಡ್ತಿ ಸಿಕ್ಕವರ ಗತ್ತಿನಲ್ಲಿ ಹೇಳಿ, ರಾಯರು ಚೀಲ ಮೇಲಿಟ್ಟರು.