ನಮ್ಮ ಬಡತನಕ್ಕೊಂದು ಸಾಕ್ಷಿ

ಮುಂಬಯಿಯ ಕುರ್ಲಾದ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯ ಕಾಕುವಿನ ನಾಲಿಗೆಯೇ ಸರಿಯಿಲ್ಲ ಎಂದು ನಾನು ಹದಿನೆಂಟು ವರ್ಷ ನಂಬಿದ್ದೆ. ತಿಂಗಳ ಕೊನೆ ಬಂತೆಂದರೆ ಸಾಕು, ಬಟ್ಟಲು ಹಿಡಿದು ನಮ್ಮ ಬಾಗಿಲಲ್ಲಿ ಹಾಜರಾಗುತ್ತಿದ್ದಳು. "ಉಪ್ಪು ಜಾಸ್ತಿ ಆಗೈತ್ರಿ, ನಮ್ಮನ್ಯಾಗ ಯಾರೂ ತಿನ್ನವಲ್ರು. ನೀವರ ಒಂಚೂರು ನೋಡ್ರಿ." ತಿಂದು ನೋಡಿದರೆ ಉಪ್ಪು ಸರಿಯಾಗಿಯೇ ಇರುತ್ತಿತ್ತು. ನಾನು ಅವಳ ದನಿಯನ್ನು ಅಣಕಿಸಿ ನಗುತ್ತಿದ್ದೆ. ಅವ್ವ ಮಾತ್ರ ನಗುತ್ತಿರಲಿಲ್ಲ.

ಕಾಕು ಧಾರವಾಡದವಳು, ನಾವು ವಿಜಯಪುರದ ಕಡೆಯವರು. ಅಪ್ಪ ಜೋಗೇಶ್ವರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಬಾಟಲಿ ಮುಚ್ಚಳಗಳನ್ನು ಡಬ್ಬಿಗೆ ತುಂಬಿಸುವ ಕೆಲಸದಲ್ಲಿದ್ದ. ದಿನಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲೋಕಲ್ ರೈಲು ಹತ್ತುತ್ತಿದ್ದುದರಿಂದ ಚಾಳಿನವರೆಲ್ಲ ಅವನನ್ನು ಮ್ಯಾನೇಜರ್ ಎಂದೇ ಕರೆಯುತ್ತಿದ್ದರು. ಅವನೂ ಅಲ್ಲ ಎನ್ನಲಿಲ್ಲ. ಅವ್ವನ ಮರ್ಯಾದೆ ಇದ್ದದ್ದು ಒಗ್ಗರಣೆಯಲ್ಲಿ. ಕಾಯಿಪಲ್ಲೆ ತರಲು ಆಗದ ದಿನವೂ ಸಂಜೆ ಚಮಚೆ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸುತ್ತಿದ್ದಳು, ಆಚೆ ಮನೆಗೆ ಕೇಳಿಸಲಿ ಎಂದು. ಆಮೇಲೆ ನಾವು ಆ ಎಣ್ಣೆಯನ್ನೇ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಿದ್ದೆವು. ಈ ಗುಟ್ಟು ಮನೆಯ ಮೂವರಿಗೇ ಗೊತ್ತು ಎಂದುಕೊಂಡಿದ್ದೆವು.

ಹನ್ನೆರಡನೆಯ ತರಗತಿ ಮುಗಿದ ಮೇಲೆ ನನಗೆ ಫಾರ್ಮಸಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಕುಣಿದಾಡಿಬಿಟ್ಟೆ. ಫೀ ನೋಡಿ ಕೂತುಬಿಟ್ಟೆ. ಸರ್ಕಾರದ ವಿದ್ಯಾರ್ಥಿವೇತನ ಬಂದರೆ ಫೀ ಹೆಚ್ಚುಕಡಿಮೆ ತೀರಿಹೋಗುತ್ತಿತ್ತು, ಆದರೆ ಅದಕ್ಕೆ ಅಪ್ಪನ ಆದಾಯ ಕಡಿಮೆ ಎಂಬ ಪ್ರಮಾಣಪತ್ರ ಬೇಕು. ಸೈಬರ್ ಅಂಗಡಿಯಲ್ಲಿ ಕೂತು ಅರ್ಜಿ ತುಂಬಿ ಬಂದೆ. ಮನೆಗೆ ವಿಚಾರಣೆಗೆ ಜನ ಬರುತ್ತಾರೆಂದು ನನಗೂ ತಿಳಿದಿರಲಿಲ್ಲ.

ತಹಶೀಲ್ದಾರ್ ಕಚೇರಿಯವನು ಬಂದ ದಿನ ನಮ್ಮ ಬಾಗಿಲಿಗೆ ಬೀಗ. ಕಂಕುಳಲ್ಲಿ ಚೀಲ ಇಟ್ಟುಕೊಂಡಿದ್ದ ಆ ಮನುಷ್ಯ ಪಕ್ಕದ ಮನೆಯಲ್ಲಿ ವಿಚಾರಿಸಿದ. ಯಜಮಾನರು ಏನು ಮಾಡುತ್ತಾರೆ, ಎಷ್ಟು ಬರುತ್ತದೆ, ಊರಲ್ಲಿ ಹೊಲ ಇದೆಯೇ? ನಮ್ಮ ಚಾಳಿನ ಕನ್ನಡದ ಮನೆಗಳಲ್ಲಿ ಇದಕ್ಕೆ ಇರುವುದು ಒಂದೇ ಅರ್ಥ. ವಯಸ್ಸಿಗೆ ಬಂದ ಹುಡುಗಿಯಿರುವ ಮನೆಯನ್ನು ಅಪರಿಚಿತನೊಬ್ಬ ವಿಚಾರಿಸಿದರೆ ಅವನು ಗಂಡಿನ ಕಡೆಯವನು. ಆಗ ಇದ್ದದ್ದಕ್ಕೆ ನಾಲ್ಕು ಸೇರಿಸಿ ಹೇಳದವರು ನೆರೆಯವರೇ ಅಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಹೇಳಿದ್ದಾರಲ್ಲ!

ಕಾಕು ಅವನನ್ನು ಕೂರಿಸಿ ಚಹಾ, ಅವಲಕ್ಕಿ ಕೊಟ್ಟಳು. ಅಪ್ಪನನ್ನು ಮ್ಯಾನೇಜರ್ ಮಾಡಿದಳು, ಸಂಬಳ ಮೂರು ಪಟ್ಟು ಏರಿಸಿದಳು, ಊರಲ್ಲಿ ಹತ್ತು ಎಕರೆ ಕೊಟ್ಟಳು. ಹುಡುಗಿ ಭಾಳ ಶಾಣ್ಯಾ, ಜಾಣೆ ಎಂದೂ ಸೇರಿಸಿದಳು. ಅವನು ಎಲ್ಲ ಬರೆದುಕೊಂಡು ಕೆಳಗೆ ಸಹಿ ಮಾಡಿಸಿಕೊಂಡಾಗಲೂ ಅನುಮಾನ ಬರಲಿಲ್ಲವಂತೆ. "ಈಗಿನ ಬೀಗರು ಭಾಳ ಹುಷಾರ್" ಅಂದುಕೊಂಡಳಂತೆ.

ಎಂಟು ದಿನಕ್ಕೆ ಮೊಬೈಲ್‌ನಲ್ಲಿ ಉತ್ತರ ಬಂತು: ಆದಾಯ ಮಿತಿಗಿಂತ ಹೆಚ್ಚು, ಅರ್ಜಿ ತಿರಸ್ಕೃತ. ಶನಿವಾರದೊಳಗೆ ಪ್ರಮಾಣಪತ್ರ ತಾ, ಇಲ್ಲವೇ ಪೂರ್ತಿ ಫೀ ಕಟ್ಟು, ಎರಡೂ ಆಗದಿದ್ದರೆ ಸೀಟು ಬಿಡು ಎಂದಿತು ಕಾಲೇಜು. "ಬಿ.ಕಾಂ. ಮಾಡಿದವರು ಬದುಕಿಲ್ಲೇನು?" ಎಂದು ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಯಾರು ಬಂದಿದ್ದರು, ಯಾರು ಏನು ಹೇಳಿದರು ಎಂಬುದು ಗೊತ್ತಾದಾಗ ನನ್ನ ಪಿತ್ತ ನೆತ್ತಿಗೇರಿತು. ಕಾಕುವಿನ ಬಾಗಿಲಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಮರುದಿನ ನಾವು ತಹಶೀಲ್ದಾರ್ ಕಚೇರಿಗೆ ಹೊರಟಾಗ ಅವಳು ಇಳಕಲ್ ಸೀರೆ ಉಟ್ಟು ನಮಗಿಂತ ಮೊದಲೇ ಮೆಟ್ಟಿಲ ಹತ್ತಿರ ಕಾಯುತ್ತಿದ್ದಳು.

ತಹಶೀಲ್ದಾರ್ ಕಚೇರಿಯಲ್ಲಿ ಅಪ್ಪ ಸಂಬಳದ ಚೀಟಿ ಮುಂದೆ ಚಾಚಿದ. ಗುಮಾಸ್ತರು ಸೋಲಾಪುರದ ಕಡೆಯವರು, ಕನ್ನಡ ಬರುತ್ತಿತ್ತು. ಚೀಟಿ ನೋಡಿ ಕಾಕುವನ್ನು ಕೇಳಿದರು, "ಅವತ್ತಿಂದು ಸುಳ್ಳೋ, ಇವತ್ತಿಂದು ಸುಳ್ಳೋ?"

ಕಾಕು ಒಮ್ಮೆ ಅಪ್ಪನನ್ನು, ಒಮ್ಮೆ ಅವ್ವನನ್ನು ನೋಡಿದಳು. ಬಡವರು ಎಂಬ ಮಾತು ಅವಳ ಬಾಯಿಂದ ಹೊರಡಲೇ ಇಲ್ಲ.

"ಸಾಹೇಬ್ರ, ಹತ್ತು ಎಕರೆ ನನ್ನ ಬಾಯಾಗ ಐತಿ, ಊರಾಗ ಇಲ್ಲ," ಎಂದಳು ಕೊನೆಗೆ. "ಇವರ ಮನ್ಯಾಗ ತಿಂಗಳ ಕೊನೀಗೆ ಬರೇ ಸಾಸಿವಿ ಸಿಡೀತಾವ್ರಿ. ಆಮ್ಯಾಲೆ ಬಾಣಲ್ಯಾಗ ಏನೂ ಬೀಳಂಗಿಲ್ಲ. ಕಾಯಿಪಲ್ಲೆ ಬಿದ್ರ ಸಪ್ಪಳ ಬ್ಯಾರೆ ಇರ್ತೈತಿ. ಗ್ವಾಡಿ ಆಚೀಗೆ ಇಪ್ಪತ್ತು ವರ್ಷ ಅಡಿಗಿ ಮಾಡೀನಿ, ನನಗ ಗೊತ್ತಾಗಂಗಿಲ್ಲೇನ್ರಿ?"

ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಅಪ್ಪ ನೆಲ ನೋಡುತ್ತಿದ್ದ. ನನಗೆ ಆ ಬಟ್ಟಲುಗಳೆಲ್ಲ ಒಂದೊಂದಾಗಿ ನೆನಪಾದವು. ಅಯ್ಯೋ, ಎಷ್ಟು ನಕ್ಕಿದ್ದೆ ನಾನು!

ಗುಮಾಸ್ತರು ಹಳೆಯ ಹೇಳಿಕೆಯ ಮೇಲೆ ಗೀಟು ಎಳೆಯತೊಡಗಿದರು. ಕಾಕು ಮೇಜಿನ ಮೇಲೆ ಬಗ್ಗಿದಳು. "ಹುಡುಗಿ ಶಾಣ್ಯಾ ಅಂದಿದ್ದು ಖರೇ ಐತ್ರಿ. ಅದನ್ನ ಹೊಡೀಬ್ಯಾಡ್ರಿ."

ಪ್ರಮಾಣಪತ್ರ ಶುಕ್ರವಾರ ಕೈಗೆ ಬಂತು, ಸೀಟು ಉಳಿಯಿತು. ಇವತ್ತು ಗೋರೆಗಾಂವ್‌ನ ಆಸ್ಪತ್ರೆಯೊಂದರಲ್ಲಿ ನಾನು ಔಷಧ ಕೊಡುತ್ತೇನೆ. ಆದರೆ ಕಚೇರಿಗೆ ಹೋಗಿಬಂದ ಆ ಸಂಜೆ ಅವ್ವ ಒಲೆ ಹಚ್ಚಿ ಅನ್ನವಷ್ಟೇ ಇಟ್ಟಳು. ಸಾಸಿವೆ ಡಬ್ಬಿ ಮುಟ್ಟಲಿಲ್ಲ.

ಬಹಳ ಹೊತ್ತಿನ ಮೇಲೆ ಬಾಗಿಲಲ್ಲಿ ಕಾಕು ಕಾಣಿಸಿದಳು, ಕೈಯಲ್ಲಿ ಬಟ್ಟಲು. ಹೊಸ್ತಿಲ ಆಚೆಗೇ ನಿಂತಳು. ಇನ್ನು ಏನಂತ ಹೇಳಿ ಕೊಡಬೇಕು?

ಅವ್ವ ಎದ್ದು ಹೋಗಿ ಎರಡೂ ಕೈಯಿಂದ ಬಟ್ಟಲು ತೆಗೆದುಕೊಂಡಳು. "ಉಪ್ಪು ಜಾಸ್ತಿ ಆತೇನ್ರಿ ಇವತ್ತೂ? ಕೊಡ್ರಿ, ನಾವು ತಿಂತೀವಿ," ಎಂದಳು.

"ಹೌದ್ರಿ," ಎಂದಳು ಕಾಕು, ಮೂಗು ಒರೆಸಿಕೊಳ್ಳುತ್ತ. "ಭಾಳ ಜಾಸ್ತಿ ಆಗೈತಿ."

ಬದನೆಕಾಯಿ ಪಲ್ಯ. ಉಪ್ಪು ಸರಿಯಾಗಿಯೇ ಇತ್ತು.